ನೆಲದಿಂದ ಎತ್ತಿದ ನೀಲಮ್ಮ

“ನರ್ಸಬಾಯಿಗೆ ಬೆನ್ನುಬ್ಯಾನಿ ಪರಿಹಾರ? ಆಗೂ ಮಾತಲ್ಲ ಬಿಡ್ರಿ” ಎಂದವರು ಗಜೇಂದ್ರಗಡದಾಚೆಯ ಹತ್ತಿ ಗಿರಣಿಯ ಮ್ಯಾನೇಜರು. ಯಂತ್ರಕ್ಕೆ ಸಿಕ್ಕ ಕೈಯಾದರೆ ಎಲ್ಲರಿಗೂ ಕಾಣುತ್ತದೆ, ಬೆನ್ನಿನೊಳಗಿನ ನೋವನ್ನು ಕಂಡವರು ಯಾರು ಎಂದು ಅವರು ಕೇಳಿದರು.

ಕಾಣುತ್ತಿದ್ದುದು ನರ್ಸು ನೀಲಮ್ಮನವರ ನಡಿಗೆಯೊಂದೇ. ಬಿಳಿ ಸೀರೆಯುಟ್ಟು, ಗೋಡೆ ಹಿಡಿದು, ಒಂದು ಮಗ್ಗುಲಿಗೆ ವಾಲಿ, ಗಾಳಿಗೆ ಬಂದ ಅರಳೆಯ ಎಳೆಯಂತೆ ಬರುತ್ತಿದ್ದರು. ಗಿರಣಿಯ ದವಾಖಾನೆಯಲ್ಲಿ ಸದಾ ಹತ್ತಿಯ ಧೂಳು ತೇಲುತ್ತಿತ್ತು. ಮಧ್ಯಾಹ್ನದ ಬಿಸಿಲುಕೋಲಿನಲ್ಲಿ ಆ ಧೂಳು, ಆ ಸೀರೆ, ತೊಟ್ಟಿಲ ಕೂಸು ಎಲ್ಲವೂ ಒಂದೇ ನಿದ್ದೆಯೊಳಗಿದ್ದ ಹಾಗೆ ನನಗೆ ನೆನಪು.

ನಾವು ನೇಕಾರರು. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ಶಾಲೆ ಬಿಡಿಸಿ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕೂಡಿಸಿದಾಗ ನೀಲಮ್ಮ ಬಂದು ಮಗ್ಗದ ಕುಣಿಯ ಪಕ್ಕ ಕುಳಿತರು. “ಕಂಡಿಕಿ ನಾ ಸುತ್ತತೇನ್ರಿ, ಹುಡುಗಿ ಸಾಲಿಗೆ ಹೋಗ್ಲಿ” ಎಂದರು. ಸುತ್ತಿಯೂ ಸುತ್ತಿದರು, ನೂಲೆಲ್ಲ ಗಂಟು. ಅಪ್ಪ ನಕ್ಕು ಸೋತ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವಳು ನಾನು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ.

ಗಿರಣಿಯ ಹೆಂಗಸರು ಮಂಚದ ಮೇಲೆ ಹಡೆಯಲು ಒಪ್ಪುತ್ತಿರಲಿಲ್ಲ. ಕೂಸಿಗೆ ಮೊದಲು ನೆಲ ತಾಗಬೇಕು ಎಂಬುದು ಅವರ ನಂಬಿಕೆ. ನೀಲಮ್ಮ ವಾದಿಸದೆ ನೆಲ ಒರೆಸಿ, ಕಂಬಳಿ ಹಾಸಿ ಅಲ್ಲೇ ಹೆರಿಗೆ ಮಾಡಿಸಿ, ಆಮೇಲೆ ಬಾಣಂತಿಯನ್ನು ತೋಳಲ್ಲೆತ್ತಿ ಕಬ್ಬಿಣದ ಮಂಚಕ್ಕೆ ಒಯ್ಯುತ್ತಿದ್ದರು. “ಕೊರಳಿಗೆ ಕೈ ಹಾಕವ್ವಾ, ಕಣ್ಣ ಮುಚ್ಚು” ಎನ್ನುತ್ತಿದ್ದರು. ತೊಟ್ಟಿಲಲ್ಲಿ ತೂಗಿದ ಹಾಗಾಯಿತು ಎಂದು ಎಷ್ಟೋ ಬಾಣಂತಿಯರು ಹೇಳಿದ್ದುಂಟು.

ಗಿರಣಿಯಲ್ಲಿ ಹತ್ತಿ ಹೆಕ್ಕುವ ನನ್ನ ಅಕ್ಕ ಗೌರವ್ವ ಹಡೆದಾಗ ಅವಳನ್ನು ಎತ್ತುವಾಗಲೇ ನೀಲಮ್ಮನವರ ಬೆನ್ನು ಹಿಡಿದದ್ದು. ಅಕ್ಕನನ್ನು ಬಿಡಲಿಲ್ಲ. ಮೆಲ್ಲಗೆ ಮಂಚದ ಮೇಲಿಟ್ಟು, ಆಮೇಲೆ ತಾವು ನೆಲಕ್ಕೆ ಕುಸಿದರು. ಗಿರಣಿಯವರು ಕೆಲಸ ಬಿಡಿಸಿ, ತಾಯಿಯೊಂದಿಗೆ ಅವರಿದ್ದ ಕೋಣೆಯನ್ನೂ ಖಾಲಿ ಮಾಡಿ ಎಂದರು. ಪರಿಹಾರಕ್ಕೆ ಅರ್ಜಿ ಬರೆದವಳು ನಾನು. ಕರ್ನಾಟಕ ಒಂದಾದ ಹೊಸತು. ಅರ್ಜಿ ಎಲ್ಲೆಲ್ಲೋ ಸುತ್ತಿ, ಕೊನೆಗೆ ತಪಾಸಣೆಗೆ ಗದಗಿನಿಂದ ಒಬ್ಬ ಡಾಕ್ಟರು ಬಂದರು.

ಮಂಚವಿರುವಾಗ ನೆಲದಿಂದ ಎತ್ತಿದ್ದು ಆಕೆಯ ಖುಷಿ, ಅದು ಗಿರಣಿಯ ಕೆಲಸವಲ್ಲ ಎಂದರು ಮ್ಯಾನೇಜರು. ನೆಲದಿಂದ ಯಾಕೆ ಎತ್ತಿದಿರಿ ಎಂದು ಡಾಕ್ಟರು ಎಷ್ಟು ಕೇಳಿದರೂ ನೀಲಮ್ಮ ಬಾಯಿಬಿಡಲಿಲ್ಲ. ತಪ್ಪನ್ನು ಬಾಣಂತಿಯರ ಮೇಲೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಆಗ ಬಾಗಿಲಲ್ಲಿ ಕೂಸು ಹೊತ್ತು ನಿಂತಿದ್ದ ಗೌರವ್ವ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

“ಮಂಚ ಒಲ್ಲೆ ಅಂದಾಕಿ ನಾನರಿ, ಸಾಹೇಬ್ರ. ಮಂಚಾನ ಹತ್ತಬೇಕು ಅಂತ ಈಕಿ ಹಟ ಹಿಡದಿದ್ರ ನಮ್ಮೊಳಗ ಒಬ್ಬಾಕೀನೂ ಈ ದವಾಖಾನಿಗೆ ಬರ್ತಿದ್ದಿಲ್ಲ.”

ಡಾಕ್ಟರು ನೀಲಮ್ಮನನ್ನು ಒಳಗೆ ಕರೆದೊಯ್ದು ಬಹಳ ಹೊತ್ತು ನೋಡಿದರು. ಹೊರಗೆ ಬಂದು, ಕೆಲಸದಿಂದಲೇ ಆದ ಪೆಟ್ಟು ಎಂದು ಸರ್ಟಿಫಿಕೇಟು ಬರೆದು ನೀಲಮ್ಮನ ಕೈಗೆ ಕೊಟ್ಟರು. ಪರಿಹಾರ ಇನ್ನು ತಪ್ಪುವಂತಿರಲಿಲ್ಲ.

ಪಕ್ಕದಲ್ಲೇ ಕುಳಿತಿದ್ದ ಅವರ ತಾಯಿ ಅದರಲ್ಲೇನಿದೆ ಎಂದು ನನ್ನನ್ನು ಕೇಳಿದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮುದುಕಿ ಮಗಳ ಸೊಂಟದ ಮೇಲೆ ಕೈಯಿಟ್ಟರು.

“ಹಂಗಾರ ಖರೇನ ನೋಯ್ತಿತ್ತೇನ, ನೀಲಾ?” ಎಂದರು.