ಕಾಗೆ ಮುಟ್ಟದ ಎಡೆ

ಲ್ಯಾಬಿನಲ್ಲಿ ನಾನು ಮಾಡುವ ಕೆಲಸ ಕೇಳಿದರೆ ನಮ್ಮೂರು ದೊಡ್ಡೇರಿಯ ಜನ ಬಿದ್ದು ಬಿದ್ದು ನಗುತ್ತಾರೆ. ಉಂಡು ಬಿಟ್ಟ ಅನ್ನ, ಮುದ್ದೆ, ಹಣ್ಣಿನ ಸಿಪ್ಪೆ ಎಲ್ಲ ಒಣಗಿಸಿ, ಗಾಳಿಯಾಡದ ಫರ್ನೇಸಿನಲ್ಲಿ ಸುಟ್ಟು, ಆ ಕರಿ ಪುಡಿಯಿಂದ ಮತ್ತೆ ಮತ್ತೆ ಚಾರ್ಜ್ ಮಾಡುವಂಥ ಬ್ಯಾಟರಿ ಕಟ್ಟುವುದು. ‘ಮುಸುರೆ ಎಂಜಿನಿಯರ್’ ಎಂದು ರೇಗಿಸುತ್ತಾರೆ. ರೇಗಿಸಲಿ ಬಿಡಿ. ನನ್ನನ್ನು ಕಾಡುವುದು ಬೇರೆ.

ಅಪ್ಪ ತೀರಿಕೊಂಡ ದಿನ ಅವ್ವನ ಜೊತೆ ಜಗಳವಾಡಿ, ಬಡಿಸಿದ ತಟ್ಟೆಯ ಮುಂದಿನಿಂದ ಎದ್ದು ಹೋಗಿದ್ದ. ಮಧುಗಿರಿ ರಸ್ತೆಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತು. ಅಂದಿನಿಂದ ಅವ್ವನ ಕೊರಗು ಒಂದೇ: “ಹಸ್ಕೊಂಡೇ ಹೋಗ್ಬುಟ್ಟ.” ಹಿರಿಯರ ಹಬ್ಬಕ್ಕೆ ಮಾಳಿಗೆಯ ಮೇಲೆ ಅವನಿಗೆ ಎಡೆ ಇಟ್ಟು, ಕಾಗೆ ಮುಟ್ಟಲೆಂದು ಕಾಯುತ್ತಿದ್ದಳು. ಕಾಗೆ ಮುಟ್ಟಿದರೆ ಸತ್ತವರು ಉಂಡ ಹಾಗೆ. ಯಾವ ವರ್ಷವೂ ಮುಟ್ಟಲಿಲ್ಲ. ಅವಳು ಬರೀ ನೀರು ಕುಡಿದು ಮಲಗುತ್ತಿದ್ದಳು.

ಹೋದ ವರ್ಷ ಕಾಯಲು ನನ್ನನ್ನು ಕೂರಿಸಿದಳು. ಊರಿನ ಬೇರೆ ಮನೆಗಳಲ್ಲಿ ಕಾಗೆ ಮುಟ್ಟಿ, ಎಲ್ಲರ ಊಟವೂ ಮುಗಿದಿತ್ತು. ಅವರು ಬಿಟ್ಟಿದ್ದನ್ನು ಲ್ಯಾಬಿಗೆಂದು ತುಂಬಿಸಿಕೊಂಡ ಡಬ್ಬ ನನ್ನ ಪಕ್ಕದಲ್ಲೇ ಇತ್ತು. ಬಿಸಿಲು ನೆತ್ತಿ ಸುಡುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು. ಥೂ, ನನ್ನ ಬುದ್ಧಿಗಿಷ್ಟು! ಅಪ್ಪನ ಎಡೆಯನ್ನೂ ಆ ಡಬ್ಬಕ್ಕೇ ಸುರಿದುಕೊಂಡೆ. ಖಾಲಿ ಎಲೆ ಹಿಡಿದು ಕೆಳಗಿಳಿದೆ.

“ಮುಟ್ತೇನ್ಲಾ?” ಅವ್ವ ಕೇಳಿದಳು.

“ಮುಟ್ತು ಕಣವ್ವ. ಎಲ್ಡು ಬಂದಿದ್ವು.”

ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ಆಮೇಲೆ ಎರಡು ಮುದ್ದೆ ಉಂಡಳು.

ಆ ಡಬ್ಬದ ಪುಡಿಯಿಂದ ಕಟ್ಟಿದ ಸೆಲ್ಲು ಉಳಿದೆಲ್ಲಕ್ಕಿಂತ ಚೆನ್ನಾಗಿ ಬಾಳಿಕೆ ಬಂತು. ಎಲ್ಲರೂ ಬೆನ್ನು ತಟ್ಟಿದರು. ನನಗೆ ಮಾತ್ರ ಫರ್ನೇಸಿನ ಬಾಗಿಲು ತೆಗೆದಾಗಲೆಲ್ಲ ನಮ್ಮ ಮನೆಯ ಸಾರು ಸೀದ ವಾಸನೆಯೇ ಬರುತ್ತದೆ. ಬರಲು ಸಾಧ್ಯವಿಲ್ಲ, ನನಗೆ ಗೊತ್ತು. ಆದರೂ ಬರುತ್ತದೆ, ಭಯವಾಗುತ್ತದೆ.

ಮೊನ್ನೆ ಅವ್ವ ಲ್ಯಾಬು ನೋಡಲು ಬಂದಳು. ಆ ಸೆಲ್ಲಿಗೆ ಪುಟ್ಟ ದೀಪ ಸಿಕ್ಕಿಸಿ ಹೊತ್ತಿಸಿ ತೋರಿಸಿದೆ.

“ಇದು ನಮ್ಮೂರ್ ಊಟದ್ದೇನ್ಲಾ?”

“ಹೂಂ ಕಣವ್ವ.”

ದೀಪವನ್ನೇ ನೋಡುತ್ತಾ ನಿಂತಳು. “ಆವತ್ತು ಕಾಗೆ ಮುಟ್ಟಿದ್ಮ್ಯಾಲೆ ನಿಮ್ಮಪ್ಪ ನನ್ ಕನಸಿಗೆ ಬರೋದೇ ಬುಟ್ಬುಟ್ಟ ಕಣ್ಲಾ. ಹೊಟ್ಟೆ ತುಂಬೈತೆ.”

ನಿಜ ಹೇಳಿಬಿಡೋಣವೆನಿಸಿತು. ಅವಳ ಮುಖ ನೋಡಿ, ದೀಪದ ತಂತಿ ಸರಿಮಾಡತೊಡಗಿದೆ.

ಅಪ್ಪ ಈಗ ನನ್ನ ಕನಸಿಗೆ ಬರುತ್ತಾನೆ. ಕೈ ತೊಳೆದುಕೊಂಡು ಎದುರಿಗೆ ಕೂತು, “ನನ್ ಊಟ ಎಲ್ಲೈತ್ಲಾ?” ಎಂದು ಕೇಳುತ್ತಾನೆ.