ಸೇವ್ ಒತ್ತಿದಂತೆಲ್ಲ ಸವೆದ ಮುಖ

ಪಾಂಡವಪುರ ಬಸ್ ನಿಲ್ದಾಣದ ಹಿಂದಿನ ಸ್ಟುಡಿಯೋದ ಷಟರು ಬೆಳಗಿನ ಐದೂವರೆಗೇ ಅರ್ಧ ಮೇಲಕ್ಕೆ ಹೋಗಿದೆ. ಪಿತೃಪಕ್ಷದ ದಿನಗಳಿವು. ತೀರಿಕೊಂಡವರಿಗೆ ಎಡೆ ಇಡುವ ಮನೆಗಳಿಗೆ ಹೊತ್ತಿಗೆ ಮುಂಚೆ ಫೋಟೊ ತಲುಪಬೇಕು. ವರಲಕ್ಷ್ಮಮ್ಮ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಮೊದಲು ಮೂಲ ಫೋಟೊದ ನಕಲು. ನಕಲಾಯಿತೇ ಎಂದು ಎರಡು ಸಲ ನೋಡಿದ ಮೇಲೆಯೇ ತಿದ್ದುವ ಕೆಲಸ.

"ನಮ್ಮಕ್ಕ ಕಂಪ್ಯೂಟ್ರನ್ನೂ ಮಡಿ ಉಟ್ಕಂಡೇ ಮುಟ್ಟೋದು," ಎಂದು ಮಾಲೀಕ ಶಿವಶಂಕರ್ ಚುಡಾಯಿಸುತ್ತಾರೆ. ವರಲಕ್ಷ್ಮಮ್ಮನಿಗೆ ನಗು ಬರುವುದಿಲ್ಲ.

ಅಕ್ಕಸಾಲಿಗರ ಮನೆಯ ಸೊಸೆ ಇವರು. ಪತಿ ಕಾಳಪ್ಪನವರ ಬಳಿ ಒಡವೆ ಮಾಡಿಸುವವರು ಕಡಿಮೆಯಾದಾಗ, ಹದಿನಾಲ್ಕು ವರ್ಷದ ಹಿಂದೆ ಈ ಕೆಲಸ ಕಲಿತರು. ದಿನಕ್ಕೆ ಹದಿನೈದು ಫೋಟೊ, ಪಕ್ಷದಲ್ಲಿ ನಲವತ್ತು. ನಾಗಮಂಗಲದಿಂದಲೂ ಜನ ಬರುತ್ತಾರೆ. ಮದುವೆಯ ಗುಂಪಿನಿಂದ ಒಬ್ಬರನ್ನು ಬಿಡಿಸಿ, ಹೆಗಲ ಮೇಲಿನ ಪರರ ಕೈ ಅಳಿಸಿ, ಶಲ್ಯ ಹೊದಿಸಿ ಕೊಡಬೇಕು. ಹಾರ ಹಾಕುವವರಿಗೆ ಇವರ ಹೆಸರು ಗೊತ್ತಿರುವುದಿಲ್ಲ.

ಚಿನಕುರಳಿಯ ಪುಟ್ಟಗೌರಮ್ಮನ ಮಗಳು ಹೇಮಶ್ರೀ ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಳು. ಇದ್ದದ್ದು ಶಾಲೆಯ ಗುಂಪು ಫೋಟೊ ಒಂದೇ. ವರ್ಷ ವರ್ಷವೂ ಎಡೆಯ ಮುಂದೆ ಮಗಳಿಗೆ ಹೊಸ ಬಟ್ಟೆ ಇಡುವ ತಾಯಿ, ಫೋಟೊದಲ್ಲೂ ಅದೇ ಬಟ್ಟೆ ಹಾಕಿಸುತ್ತಿದ್ದರು. ವರಲಕ್ಷ್ಮಮ್ಮ ಹಿಂದಿನ ವರ್ಷದ ಫೈಲನ್ನೇ ತೆರೆದು, ಲಂಗ ಬದಲಿಸಿ, ಅದೇ ಹೆಸರಿನಲ್ಲಿ ಸೇವ್ ಮಾಡುತ್ತಿದ್ದರು. ಅದು ತಾನಾಗಿ ಜೆಪಿಜಿ, ಅಂದರೆ ಫೋಟೊವನ್ನು ಕುಗ್ಗಿಸಿಡುವ ಚಿಕ್ಕ ಫೈಲು, ಆಗುತ್ತಿತ್ತು. ಜಾಗ ಉಳಿಯಲೆಂದು ಯಾವತ್ತೋ ಗುಣಮಟ್ಟವನ್ನೂ ತೀರ ಕೆಳಗಿಟ್ಟಿದ್ದರು. ಅದನ್ನು ಯಾರೂ ತಿರುಗಿ ನೋಡಿರಲಿಲ್ಲ.

ಏಳನೇ ವರ್ಷ, ಅಂದರೆ ಹೋದ ವರ್ಷದ ಪಕ್ಷದಲ್ಲಿ, ಪುಟ್ಟಗೌರಮ್ಮ ದೊಡ್ಡ ಅಳತೆಯ ಫೋಟೊ ಕೇಳಿದರು. ವರಲಕ್ಷ್ಮಮ್ಮ ಮುಖವನ್ನು ಹಿಗ್ಗಿಸಿದರು. ಕಣ್ಣಿರಬೇಕಾದ ಕಡೆ ಬೂದು ಚೌಕಗಳು. ತುಟಿ, ಗಲ್ಲ ಕಲಸಿಹೋಗಿದ್ದವು. ಸೆರಗಿನಿಂದ ಪರದೆ ಒರೆಸಿದರು. ಪರದೆ ಚೊಕ್ಕಟವಾಗಿಯೇ ಇತ್ತು.

"ಏಳು ವರ್ಸ ನಾನೇ ಮಗೀನ ಮಕ ಅಳಿಸ್ಕಂಡು ಬಂದಿವ್ನಿ," ಎನ್ನುತ್ತಾರೆ.

ಮನೆಗೆ ಹೋಗಿ ಹೇಳಿದಾಗ ಕಾಳಪ್ಪನವರಿಗೆ ಒಡನೆಯೇ ಅರ್ಥವಾಯಿತು. "ಚಿನ್ನಾನೂ ಕರಗಿಸ್ದಂಗೆಲ್ಲ ಒಂಚೂರು ಸವೀತದೆ ಕಣೆ. ನಿನ್ ಪಟಾನೂ ಅಂಗೇಯ." ಜೆಪಿಜಿಯನ್ನು ತಿದ್ದಿ ಉಳಿಸಿದಾಗಲೆಲ್ಲ ಒಂದಿಷ್ಟು ವಿವರ ಹೋಗುತ್ತದೆ. ಹೋದದ್ದು ಮರಳುವುದಿಲ್ಲ.

ಪುಟ್ಟಗೌರಮ್ಮನ ಮನೆಯಲ್ಲಿದ್ದ ಶಾಲೆಯ ಫೋಟೊವನ್ನು ಗೆದ್ದಲು ತಿಂದಿತ್ತು. ಹಳೆಯ ಪ್ರಿಂಟುಗಳು? "ಹೊಸದು ಬಂದ್ಮೇಲೆ ಹಳೇದ ಮಡಗಬಾರ್ದು ಅಂತ ತೊಣ್ಣೂರು ಕೆರೆಗೆ ಬುಟ್ಬುಡ್ತಿದ್ದೆ ಲಕ್ಷ್ಮವ್ವ," ಎಂದರು ಪುಟ್ಟಗೌರಮ್ಮ. ಬೈಯಲಿಲ್ಲ. ಆಮೇಲೆ ಮೆಲ್ಲಗೆ, "ಗ್ವಾಡೆ ಮೇಲಿರೋ ಮಕ ಮಸುಕಾಯ್ತಾ ಬಂತು. ನನ್ ಕಣ್ಗೇ ಪೊರೆ ಬಂದದೆ ಅನ್ಕಂಡಿದ್ದೆ," ಎಂದರು.

ಆ ಮಾತು ಚುಚ್ಚುತ್ತಿರುವಾಗಲೇ ವರಲಕ್ಷ್ಮಮ್ಮನಿಗೆ ಹೊಳೆಯಿತು: ಆ ಗುಂಪಿನಲ್ಲಿ ಮೂವತ್ತೊಂದು ಮಕ್ಕಳಿದ್ದರು. ಮರುದಿನ ಚಿನಕುರಳಿಯಲ್ಲಿ ಮನೆಮನೆ ಸುತ್ತಿದರು. ಹನ್ನೊಂದನೇ ಮನೆಯಲ್ಲಿ, ಈಗ ಪಿಯುಸಿ ಓದುತ್ತಿರುವ ಸಹಪಾಠಿ ಪ್ರಮೀಳಾ ಟ್ರಂಕಿನ ತಳದಿಂದ ಅದೇ ಫೋಟೊ ತೆಗೆದಳು. ಎರಡನೇ ಸಾಲಿನಲ್ಲಿ ಹೇಮಶ್ರೀ, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು.

ಈಗ ಸೇವ್ ಒತ್ತಿದರೆ ಮುಖ ಒಂದು ಪದರದಲ್ಲಿ, ಬಟ್ಟೆ ಇನ್ನೊಂದರಲ್ಲಿ ಉಳಿಯುವ ದೊಡ್ಡ ಫೈಲೇ ತಾನಾಗಿ ಬರುತ್ತದೆ. ಜೆಪಿಜಿ ಪ್ರಿಂಟಿಗೆ ಮಾತ್ರ. ಹಳೆಯ ಫೈಲುಗಳಲ್ಲಿ ಹೀಗೆ ಸವೆದ ಇನ್ನೂ ನೂರಾ ಹನ್ನೆರಡು ಮುಖಗಳು ಸಿಕ್ಕವು. ಮೂಲ ದೊರೆತದ್ದು ಅರವತ್ತೊಂಬತ್ತಕ್ಕೆ. ಮಿಕ್ಕ ನಲವತ್ತಮೂರು ಹೆಸರು ಊರಿನ ಸಮೇತ ಮೇಜಿನ ಗಾಜಿನ ಕೆಳಗಿವೆ. ಹೊಸ ಗಿರಾಕಿ ಊರು ಹೇಳಿದರೆ ಸಾಕು, ವರಲಕ್ಷ್ಮಮ್ಮನ ಕಣ್ಣು ಆ ಪಟ್ಟಿಗೆ ಹೋಗುತ್ತದೆ.

ಇವತ್ತು ಮೊದಲ ಬಸ್ಸಿಗೆ ಪುಟ್ಟಗೌರಮ್ಮ ಬಂದಿದ್ದಾರೆ. ಕೈಯಲ್ಲಿ ಎಂಟು ವರ್ಷದ ಅಳತೆಯ ಹಸಿರು ಲಂಗ. ಅದೇ ಲಂಗ ತೊಡಿಸಿ ಮುಗಿಸಿದ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ.

"ಕಣ್ಣು ಅವ್ಳದೇಯಾ?"

"ಅವ್ಳದೇ ಗೌರಕ್ಕ. ಲಂಗ ಮಾತ್ರ ನಂದು. ಮಕ ನಾನು ಮುಟ್ನಿಲ್ಲ."