ಇಲವಾಲದ ಆಚೆಯ ಮಾತು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಸಬ್ಬಸಿಗೆ ಸೊಪ್ಪು ಹಬೆಯಲ್ಲಿ ಬೇಯುವ ವಾಸನೆ ಬಂತು. ಸೊಸೆ ನುಚ್ಚಿನುಂಡೆ ಮಾಡುತ್ತಿದ್ದಳು. ನನ್ನ ಹೆಂಡತಿ ತೀರಿಕೊಂಡು ಆರು ತಿಂಗಳಾಯಿತು; ಅಲ್ಲಿಂದೀಚೆಗೆ ಈ ಮನೆಯಲ್ಲಿ ಇದೇ ಮೊದಲು. ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ.

ನಾವು ಸಂಕೇತಿಗಳು. ನಮಗೊಂದು ಮಾತಿದೆ, ಲಿಪಿಯಿಲ್ಲ. ಕನ್ನಡದವರು ಅದನ್ನು ತಮಿಳೆನ್ನುತ್ತಾರೆ, ತಮಿಳರು ಮಲಯಾಳವಿರಬೇಕು ಎನ್ನುತ್ತಾರೆ. ಮಲಯಾಳದವರನ್ನು ನಾನಿನ್ನೂ ಕೇಳಿಲ್ಲ, ಧೈರ್ಯವಿಲ್ಲ.

ಮೈಸೂರಿಗೆ ಪ್ಲೇಗು ಬಂದುಹೋದ ಮೇಲೆ ನನ್ನ ಮದುವೆಯಾಯಿತು. ಹೆಂಡತಿಯ ತವರು ಹುಣಸೂರಿನ ಆಚೆ. ಎತ್ತಿನ ಗಾಡಿಯಲ್ಲಿ ಊರಿಂದ ಮೈಸೂರಿಗೆ ಬರುವಾಗ ನಮ್ಮವರಲ್ಲಿ ಒಂದು ಪದ್ಧತಿಯಿತ್ತು. ಮೈಸೂರು ಇನ್ನೇನು ಬಂತು ಎನ್ನುವಾಗ ಸಿಗುವ ಇಲವಾಲದಲ್ಲಿ ಗಾಡಿ ನಿಲ್ಲಿಸಿ ಎತ್ತಿಗೆ ನೀರು ಕುಡಿಸುವುದು, ಗಂಡಸರು ಮುಖ ತೊಳೆದು ರುಮಾಲು ಸರಿಮಾಡಿಕೊಳ್ಳುವುದು, ಅಲ್ಲಿಂದ ಮುಂದಕ್ಕೆ ಕನ್ನಡ ಆಡುವುದು. ಯಾರೂ ಹೇಳಿಕೊಟ್ಟದ್ದಲ್ಲ. ಅರಮನೆ ಕಚೇರಿಯ ಗುಮಾಸ್ತನಾದ ನಾನಂತೂ ಎತ್ತು ನೀರಿಗೆ ಬಾಯಿ ಹಾಕುವ ಮೊದಲೇ ಕನ್ನಡಕ್ಕೆ ಬಂದಿರುತ್ತಿದ್ದೆ. ಈಗಿನವರು ಬಸ್ಸಿನಲ್ಲಿ ಬರುತ್ತಾರೆ. ಬಸ್ಸು ಹತ್ತುವಾಗಲೇ ಮಾತು ಬದಲಾಗಿರುತ್ತದೆ.

ನನ್ನ ಹೆಂಡತಿ ಮಾತ್ರ ಇಲವಾಲವನ್ನು ಕಂಡೂ ಕಾಣದಂತೆ ದಾಟಿಬಿಟ್ಟಳು. ಅಗ್ರಹಾರದ ಈ ಮನೆಯಲ್ಲಿ ಮೂವತ್ತು ವರ್ಷ ನನ್ನೊಡನೆ ನಮ್ಮ ಮಾತನ್ನೇ ಆಡಿದಳು. ಮೂವತ್ತು ವರ್ಷವೂ ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ.

ಹೀಗಿದ್ದರೂ, ನಂಬುತ್ತೀರೋ ಇಲ್ಲವೋ, ಆ ಮಾತು ನಶಿಸುತ್ತಿದೆಯೆಂದು ಮೊದಲು ಗಾಬರಿಗೊಂಡವರಲ್ಲಿ ನಾನೂ ಒಬ್ಬ. ನಮ್ಮ ನಡುಮನೆಯಲ್ಲೇ ಸಭೆ ಸೇರಿತು. ನಿವೃತ್ತ ಅಮಲ್ದಾರರೊಬ್ಬರು ಅಧ್ಯಕ್ಷರು, ನಾನು ಕಾರ್ಯದರ್ಶಿ. ತೊಟ್ಟಿಲಲ್ಲಿ ತಾಯಿ ಕಲಿಸಿದ ನುಡಿಯ ಬಗ್ಗೆ ಪಂಡಿತರೊಬ್ಬರು ಒಂದು ಗಂಟೆ ಕನ್ನಡದಲ್ಲಿ ಮಾತಾಡಿದರು. ಕಣ್ಣೊರೆಸಿಕೊಳ್ಳುವ ಕಡೆ ಸಂಸ್ಕೃತ ಬಳಸಿದರು. ಆ ನುಡಿಯಲ್ಲೇ ನಾಲ್ಕು ಮಾತಾಗಲಿ ಎಂದು ಯಾರೋ ಕೇಳಿದಾಗ, ತಾವು ಅದಕ್ಕೆ ಸಿದ್ಧರಾಗಿ ಬಂದಿಲ್ಲವೆಂದರು. ನಡಾವಳಿ ಇಂಗ್ಲಿಷಿನಲ್ಲಿದ್ದರೆ ತೂಕವೆಂದು ಅಧ್ಯಕ್ಷರ ಅಪ್ಪಣೆಯಾಯಿತು. ನನ್ನ ಇಂಗ್ಲಿಷಿಗೆ ಇದ್ದಷ್ಟು ತೂಕಕ್ಕೆ ಬರೆದುಕೊಂಡೆ. ಇನ್ನು ಮುಂದೆ ಮನೆಮನೆಯಲ್ಲೂ ನಮ್ಮ ಮಾತನ್ನೇ ಆಡತಕ್ಕದ್ದೆಂಬ ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಆ ಹೊತ್ತಿಗೆ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು, ಎಲೆ ಹಾಕಲೇ ಎಂದು ನಮ್ಮ ಮಾತಿನಲ್ಲಿ ಕೇಳಿದಳು. ಸಭೆಯೆಲ್ಲ ನನ್ನ ಕಡೆ ತಿರುಗಿತು.

"ಹಾಕ್ಬಿಡು ಕಣೇ, ಎಂಟು ಜನ ಆಗ್ತೀವಿ," ಎಂದೆ.

"ಬೇಗ ಆಗ್ಲಿ ಕಣಮ್ಮ," ಎಂದರು ಅಧ್ಯಕ್ಷರು.

ಅಂದೂ ನುಚ್ಚಿನುಂಡೆಯೇ. ಒಂದೂ ಉಳಿಯಲಿಲ್ಲ. ಸಭೆ ಮತ್ತೆ ಸೇರಲೂ ಇಲ್ಲ.

ಎಲ್ಲರೂ ಹೋದ ಮೇಲೆ ಎಲೆ ತೆಗೆಯುತ್ತ ಅವಳು ಹೇಳಿದ್ದನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ನನ್ನ ತಪ್ಪುಗಳಲ್ಲಿ ಇದೂ ಒಂದು.

"ಅಷ್ಟು ಜನ ಸೇರಿ ಉಳಿಸೋಕೆ ಹೊರಟ್ರಿ. ನಾನು ಕೇಳಿದ್ದಕ್ಕೆ ನಮ್ಮ ಮಾತಲ್ಲಿ ಉತ್ತರ ಕೊಡೋಕೆ ಒಬ್ಬರಿಗೂ ಬಾಯಿ ಬರಲಿಲ್ಲ. ನೀವಾದ್ರೂ ಒಂದ್ಸಲ ಕೊಡಿ, ನಾನಿರೋವಾಗ."

ನಾಳೆ ಕೊಟ್ಟರಾಯಿತು ಎಂದುಕೊಂಡೆ. ಕೊನೆಯ ದಿನ ಅವಳು ನೀರು ಕೇಳಿದಾಗಲೂ "ತರ್ತೀನಿ, ಇರು" ಎಂದೆ. ಕನ್ನಡದಲ್ಲೇ.

ಸೊಸೆ ಊಟಕ್ಕೆ ಕರೆದಳು. ಎಲೆಗೆ ಎರಡು ಉಂಡೆ ಬಡಿಸಿ ತುಪ್ಪ ಹಾಕಿದಳು. ಇವಳು ಆ ಅಧ್ಯಕ್ಷರ ಮಗಳು; ಆದ್ದರಿಂದ ನಮ್ಮ ಮಾತು ಬರುವುದಿಲ್ಲ.

"ಅತ್ತೆ ಮಾಡಿದ ಹಾಗಾಗಿಲ್ಲ ಮಾವ. ಇನ್ನೊಂದು ಹಾಕ್ಲಾ?"

ಚೆನ್ನಾಗಿದೆ, ಹಾಕು ಎಂದೆ. ಕನ್ನಡದಲ್ಲಲ್ಲ. ನನ್ನ ದನಿ ನನಗೇ ಹಳ್ಳಿಯಿಂದ ಬಂದ ಯಾರೋ ನೆಂಟನ ದನಿಯಂತೆ ಕೇಳಿಸಿತು.

ಅವಳ ಕೈ ಪಾತ್ರೆಯ ಮೇಲೆ ಹಾಗೇ ನಿಂತಿತು. "ಅತ್ತೆ ಹೀಗೇ ಏನೋ ಅಂತಿದ್ರು. ಹಾಗಂದ್ರೆ ಏನು ಮಾವ?"

ಅರ್ಥ ಹೇಳಲು ಕನ್ನಡಕ್ಕೆ ಬರಬೇಕಾಯಿತು. ಬಂದು ಹೇಳಿದೆ. ಅವಳು ತಡವರಿಸುತ್ತ ಅದನ್ನೇ ಅಂದಳು, ಅರ್ಧ ತಪ್ಪಾಗಿ. ನಾನು ಮತ್ತೆ ಇಲವಾಲ ದಾಟಿ ಆಚೆ ಹೋಗಿ, ಇನ್ನೊಮ್ಮೆ ನಿಧಾನವಾಗಿ ಹೇಳಿದೆ. ಅವಳೂ ಹೇಳಿದಳು. ಮೂರನೆಯ ಉಂಡೆ ಮಾತ್ರ ಎಲೆಗೆ ಬೀಳಲೇ ಇಲ್ಲ.